ಜೋಮು ಹಿಡಿದ ಎರಡನೇ ಪಾಳಿ

1985, ನವೆಂಬರ್ 1, ಶುಕ್ರವಾರ. ಸಂಜೆ ಐದು

ಲುದೊಮಿರ್ ಸ್ಕೊವೆರಾ ಎಂಬ ಹೆಸರಿನ, ಅರವತ್ತೆರಡು ವರ್ಷ ಪ್ರಾಯದ, ಪೋಲೆಂಡಿನ ವೂಚ್ ನಗರದ ಕಾಯಂ ನಿವಾಸಿಯಾದ, ವೃತ್ತಿಯಲ್ಲಿ ಸ್ಯಾಕ್ಸೊಫೋನ್ ವಾದಕನೂ ಜಾಜ್ ಸಂಯೋಜಕನೂ ಆದ ನಾನು, ಕೆಳತುಟಿಯೊಂದನ್ನು ಬಿಟ್ಟು ಉಳಿದೆಲ್ಲ ಅಂಗಗಳಲ್ಲಿ ಸ್ವಸ್ಥ ಪ್ರಜ್ಞೆಯುಳ್ಳವನಾಗಿ, ಯಾರ ಒತ್ತಾಯವೂ ಇಲ್ಲದೆ ತಪ್ಪೊಪ್ಪಿಕೊಳ್ಳುವುದೇನೆಂದರೆ: ಇಂದು, ಸಮಾಧಿಗಳಿಗೆಲ್ಲ ದೀಪ ಹಚ್ಚುವ ಸಕಲ ಸಂತರ ದಿನದಂದು, ಮಧ್ಯಾಹ್ನ ಮೂರೂವರೆಗೆ, ಸ್ಮಶಾನದಲ್ಲಿ ಉರಿಯುತ್ತಿದ್ದ ಒಂದು ದೀಪ ಕದ್ದೆ.

ಕದ್ದದ್ದು ಗಿರಣಿಯ ಹಳೆಯ ಮ್ಯಾನೇಜರೊಬ್ಬನ ಸಮಾಧಿಯಿಂದ. ಅವನಿಗೆ ಹತ್ತೊಂಬತ್ತು ದೀಪ. ಪಕ್ಕದ ಸಾಲಿನಲ್ಲಿ ನನ್ನ ಪಿಯಾನೋ ವಾದಕ ಸೆವೆರಿನ್‌ಗೆ ಮೂರು — ಒಂದು ಹೆಂಡತಿ ಬೊಗ್ನಾಳದು, ಒಂದು ನನ್ನದು, ಮೂರನೆಯದು ಗಾಳಿಗೆ ಆರಿದ್ದು. ಮ್ಯಾನೇಜರನಿಗೆ ಅಷ್ಟು ಬೆಳಕಿನಲ್ಲಿ ನಿದ್ದೆ ಬರುವುದಾದರೂ ಹೇಗೆ? ಉಪಕಾರವೇ ಮಾಡಿದೆ. ಗಾಜಿನ ಡಬ್ಬಿಯನ್ನು ಕೋಟಿನೊಳಗೆ ಮುಚ್ಚಿಕೊಂಡು ಹತ್ತು ಹೆಜ್ಜೆ.

"ಲೇ ಲುದೆಕ್, ಏನೋ ಅದು ಎದೆಯಿಂದ ಹೊಗೆ?" ಅಕ್ಕ ತೋಶಾ.

"ಸಮಪಾಲು ಮಾಡ್ತಾ ಇದೀನಿ. ಸಮಾಜವಾದ."

"ನಿನ್ನ ಸಮಾಜವಾದ ಕೋಟು ಸುಡ್ತಾ ಇದೆ, ನೋಡ್ಕೋ."

ಸುಟ್ಟಿತ್ತು. ಎದೆಯ ಎಡಭಾಗ, ಅಂಗೈ ಅಗಲ. ಬಿಸಿ ಗೊತ್ತೇ ಆಗಲಿಲ್ಲ.

ಸೆವೆರಿನ್ ಹೋದದ್ದು ಏಪ್ರಿಲ್‌ನಲ್ಲಿ. ಟ್ರಾಮ್ ಸ್ಟಾಪಿನಲ್ಲಿ, ಕೈಯಲ್ಲಿ ಎಲೆಕೋಸು. ಮೂವತ್ಮೂರು ವರ್ಷ ಜೊತೆಗೆ ನುಡಿಸಿದವನು. ಅಂದಿನಿಂದ ನನ್ನ ಕಣ್ಣಿಂದ ಒಂದು ಹನಿ ಬಿದ್ದಿಲ್ಲ. ಬೇಸರ ಕೂಡ ಇಲ್ಲ. ಮನೆಯ ಬೀರು ಹೇಗಿದೆಯೋ ಹಾಗಿದ್ದೇನೆ. ಬಾಗಿಲು ತೆರೆದರೆ ಕೋಟುಗಳು.

ನವೆಂಬರ್ 4

ದಂತವೈದ್ಯೆ ಮ್ರೂಸ್ ಬಳಿ. ಅವರ ಹೆಸರಿನ ಅರ್ಥವೇ ಕೊರೆಯುವ ಚಳಿ. ಸೆಪ್ಟೆಂಬರ್‌ನಲ್ಲಿ ಎಡಗಡೆಯ ಕೆಳಹಲ್ಲು ಕಿತ್ತರು. ಅವತ್ತು ಮರಗಟ್ಟಿದ ತುಟಿ ಇವತ್ತಿಗೂ ಮರದ್ದೇ. ಸ್ಯಾಕ್ಸೊಫೋನಿನ ರೀಡ್ ಎಂದರೆ ಹೊಳೆದಂಡೆಯ ಹುಲ್ಲಿನ ಒಂದು ಸೀಳು, ಅದು ಕೂರುವುದು ಕೆಳತುಟಿಯ ಮೇಲೆ. ಹಲ್ಲು ಹೋಯಿತು, ಹುಲ್ಲು ಉಳಿಯಿತು. ನಡುವೆ ಇರಬೇಕಾದ ತುಟಿ ಮಾತ್ರ ಈಗ ತುಟ್ಟಿ.

ಡಾಕ್ಟರು ಸೂಜಿಯಿಂದ ಚುಚ್ಚಿದರು. "ಗೊತ್ತಾಯ್ತಾ?"

"ಏನು?"

"ಸರಿ ಹೋಯ್ತು. ನರ ಸಿಟ್ಟು ಮಾಡ್ಕೊಂಡಿದೆ, ಮೇಷ್ಟ್ರೇ. ಬೆನ್ನು ಹತ್ತಬೇಡಿ. ತಾನಾಗೇ ವಾಪಸ್ ಬರುತ್ತೆ."

"ಹೆಂಡತಿ ಥರಾನಾ?"

"ನಿಮ್ಮ ಹೆಂಡತಿ ಬಂದ್ರಾ?"

"ಇಲ್ಲ."

"ಹಾಗಾದ್ರೆ ಹೆಂಡತಿ ಥರ ಅಲ್ಲ. ಬಾಯಿ ತೆಗೀರಿ."

ನವೆಂಬರ್ 9, ಶನಿವಾರ

ಸಂಸ್ಕೃತಿ ಭವನದ ನಿರ್ದೇಶಕ ಕ್ಲಿಮಾಸ್ ಮನೆಗೇ ಬಂದ. ಕಂಕುಳಲ್ಲಿ ಫೈಲು, ಮುಖದ ಮೇಲೆ ಸಮಾರಂಭ. ನನ್ನ ಕಲಾಸೇವೆಗೆ ನಲವತ್ತು ತುಂಬಿತಂತೆ. ಉತ್ಸವ ಜನವರಿ 25, ಸಂಜೆ ಐದಕ್ಕೆ. ಭಾಷಣ, ಹೂವು, ಪದಕ. ಆಮೇಲೆ ನಾನು 'ಎರಡನೇ ಪಾಳಿ' ನುಡಿಸಬೇಕು. ಅದಿಲ್ಲದೆ ನನ್ನನ್ನು ಊರಲ್ಲಿ ಯಾರೂ ಗುರುತಿಸುವುದಿಲ್ಲ, ಟ್ರಾಮ್ ಕಂಡಕ್ಟರ್ ಕೂಡ.

"ತುಟಿ ಸರಿ ಇಲ್ಲವಲ್ಲ," ಎಂದೆ.

"ಕೇಳಿದೆ ಮೇಷ್ಟ್ರೇ. ನುಡಿಸೋಕೆ ಆಗದಿದ್ರೂ ಚಿಂತೆ ಇಲ್ಲ. ಅದನ್ನೇ ಬೀಳ್ಕೊಡುಗೆ ಮಾಡ್ತೀವಿ. ಪಿಂಚಣಿ ಕಾಗದ ರೆಡಿ ಮಾಡಿಸಿದೀನಿ."

"ಇವೆರಡರ ಮಧ್ಯೆ ಏನೂ ಇಲ್ವೇ?"

ಕ್ಲಿಮಾಸ್ ನಿಜಕ್ಕೂ ಫೈಲು ಬಿಚ್ಚಿ ನೋಡಿದ. "ಮಧ್ಯದ್ದಕ್ಕೆ ಫಾರಂ ಇಲ್ಲ."

ಹನ್ನೊಂದು ವಾರ. ನುಡಿಸಿದರೆ ವಾದಕ. ಇಲ್ಲದಿದ್ದರೆ ಮಾಜಿ ವಾದಕ. ಹೆದರಿಕೆ ಆಗಬೇಕಿತ್ತು. ಕಾದು ನೋಡಿದೆ... ಆಗಲಿಲ್ಲ. ಟೀ ಕುಡಿದೆ.

ನವೆಂಬರ್ 14

ಕ್ಲಿಮಾಸ್ ಕೊಟ್ಟು ಹೋದ ಫಾರಂ ತುಂಬಿಸಿದೆ — 'ಕಲಾಜೀವನದ ವಿವರ'.

1945: ಗಿರಣಿ ಕ್ಯಾಂಟೀನಿನ ವಾದ್ಯಗೋಷ್ಠಿ. ಬೂಟು ಕೊಟ್ಟು ಸ್ಯಾಕ್ಸೊಫೋನ್ ತೆಗೆದುಕೊಂಡೆ. ಆ ಚಳಿಗಾಲ ಕಾಲಿಗೆ ಗೋಣಿ, ಕೊರಳಿಗೆ ಹಿತ್ತಾಳೆ.

1952: ಜಾಜ್ ಎಂದರೆ ಶತ್ರುದೇಶದ ಅಂಟುಜಾಡ್ಯ. ರಾಗವನ್ನೂ ರೋಗವೆಂದು ಕರೆದ ಕಾಲ. ಸೆವೆರಿನ್ ಹಗಲು ಗಿರಣಿಯಲ್ಲಿ ಎಂಜಿನಿಯರ್. ಅವನ ಮನೆಯ ಮೇಲೆ ಬಟ್ಟೆ ಒಣಹಾಕುವ ಅಟ್ಟ. ಅಲ್ಲೊಂದು ಮುರುಕು ಪಿಯಾನೋ. ಕಿಟಕಿಗೆ ಕಂಬಳಿ ಹೊಡೆದು ಒದ್ದೆ ಚಾದರಗಳ ನಡುವೆ ನುಡಿಸಿದೆವು. ಸಾಬೂನಿನ ವಾಸನೆ ಬಂದರೆ ಇವತ್ತಿಗೂ ಬೆರಳು ಆಡುತ್ತವೆ. ಆಡುತ್ತಿದ್ದವು.

1957: ಸರ್ಕಾರಿ ಪರೀಕ್ಷಾ ಮಂಡಳಿ. ತೂಬಾ ಊದುವ ಅಧ್ಯಕ್ಷರು ಒಂದು ವಾಲ್ಟ್ಸ್ ಕೇಳಿ, ನನಗೆ ಎರಡನೇ ದರ್ಜೆ ದಯಪಾಲಿಸಿದರು: 'ಉಪಾಹಾರ ಗೃಹಗಳಿಗೆ ಯೋಗ್ಯ'. ಸೂಪಿನಷ್ಟೇ.

1961: 'ಎರಡನೇ ಪಾಳಿ'. ಗಿರಣಿಯಲ್ಲಿ ಪಾಳಿ ಬದಲಾಗುವ ಹೊತ್ತು. ಹೊರಡುವವಳು ಮಗ್ಗದ ಗದ್ದಲದಲ್ಲಿ ಏನೋ ಕೇಳುತ್ತಾಳೆ, ಬರುವವಳು ಉತ್ತರ ಕೊಡುತ್ತಾಳೆ. ಸ್ಯಾಕ್ಸೊಫೋನ್ ನಾಲ್ಕು ಆವರ್ತ ಕೇಳುತ್ತದೆ, ಪಿಯಾನೋ ನಾಲ್ಕು ಆವರ್ತ ಹೇಳುತ್ತದೆ. ಸೆವೆರಿನ್ ಇಪ್ಪತ್ನಾಲ್ಕು ವರ್ಷ ಅದೇ ಉತ್ತರ ಕೊಟ್ಟ. ಒಂದು ಸ್ವರ ಆಚೆಯಿಲ್ಲ, ಈಚೆಯಿಲ್ಲ. ಎಂಜಿನಿಯರ್.

1962ರಿಂದ: ಹದಿನೇಳು ಸಿನಿಮಾಗಳಿಗೆ ಸಂಗೀತ. ಹದಿನಾಲ್ಕರಲ್ಲಿ ಯಾರೋ ಒಬ್ಬ ಕಿಟಕಿ ಪಕ್ಕ ನಿಂತು ಸಿಗರೇಟು ಸೇದುತ್ತಾನೆ. ಅವನ ಹೊಗೆ, ನನ್ನ ಉಸಿರು.

1966: ಹೆಂಡತಿ ಬಿಟ್ಟು ಗ್ದಿನ್ಯಾ ಊರಿಗೆ ಹೋದಳು. ಇದಕ್ಕೆ ಕಾಲಂ ಇಲ್ಲ.

1968: ಕೋಪನ್‌ಹೇಗನ್. ಅಲ್ಲೊಬ್ಬ ಡ್ರಮ್ಮರ್ ಕೇಳಿದ, "ನೀವು ಪೋಲೆಂಡಿನವರು ಇಷ್ಟು ದುಃಖದಿಂದ ಹೇಗೆ ನುಡಿಸ್ತೀರಿ?" ಸೆವೆರಿನ್ ಹೇಳಿದ, "ದುಃಖ ಅಲ್ಲ ಸ್ವಾಮಿ, ಬೆಳಗ್ಗೆಯಿಂದ ಊಟ ಆಗಿಲ್ಲ."

1985: ಖಾಲಿ ಬಿಟ್ಟೆ.

ನವೆಂಬರ್ 22

ಸಂತ ಸೆಸಿಲಿಯಾ ದಿನ. ಸಂಗೀತಗಾರರ ಹಬ್ಬ. ಸ್ಯಾಕ್ಸೊಫೋನಿನ ಪೆಟ್ಟಿಗೆ ತೆಗೆಯಲಿಲ್ಲ.

ಡಿಸೆಂಬರ್ 7, ಮಧ್ಯಾಹ್ನ

ಕ್ಲಿಮಾಸ್ ಹೊಸ ಪಿಯಾನೋ ವಾದಕಿಯನ್ನು ಕಳಿಸಿದ್ದಾನೆ. ಕಿಂಗಾ. ಇಪ್ಪತ್ತಾರು. ಸಂಗೀತ ಅಕಾಡೆಮಿಯ ಪದವಿ. ಅಂಗಡಿಯಲ್ಲಿ ಸಿಗದಂಥ ಹಳದಿ ಸ್ವೆಟರ್ — ತಾನೇ ಹೆಣೆದದ್ದಂತೆ. ನಾನು ಬಾಯಲ್ಲಿ ಗುನುಗಿದೆ, ಅವಳು ನುಡಿಸಿದಳು. ಪ್ರಶ್ನೆ ಮುಗಿಯಿತು. ಉತ್ತರ ಬಂತು. ಸೆವೆರಿನ್‌ನದೇ, ರೆಕಾರ್ಡಿನಿಂದ ಕಲಿತದ್ದು, ತಪ್ಪಿಲ್ಲದ್ದು.

"ಇದು ಸೆವೆರಿನ್‌ದು. ಮುಟ್ಟಬೇಡ," ಎಂದೆ.

"ಹಾಗಾದ್ರೆ ನನ್ನದು ಯಾವುದು, ಮೇಷ್ಟ್ರೇ?"

"ನಿನ್ನದು ಯಾವುದೂ ಇಲ್ಲ. ಆ ನಾಲ್ಕು ಆವರ್ತ ಬರೀ ಆಧಾರ ಸ್ವರ ಹಿಡಿದು ಕೂತಿರು."

"ಕೇಳಿದ ಪ್ರಶ್ನೆಗೆ ಬಾಯಿ ಮುಚ್ಕೊಂಡು ಕೂರೋದಾ?"

"ಮನೇಲಿ ಯಾವತ್ತೂ ಹಾಗೆ ಕೂತಿಲ್ವಾ?"

"ನಮ್ಮಮ್ಮನ್ನ ಕೇಳಿ ನೋಡಿ," ಎಂದು ನಕ್ಕಳು. ಆದರೂ ಹೇಳಿದ ಹಾಗೆ ಕೂತಳು.

ಡಿಸೆಂಬರ್ 24

ಬೊಗ್ನಾ ಬಂದಿದ್ದಳು. ತೋಶಾ ಕ್ರಿಸ್‌ಮಸ್ ಊಟದ ಪದ್ಧತಿಯಂತೆ ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದಳು, ಅನಿರೀಕ್ಷಿತ ಅತಿಥಿಗೆ. ಮೂವರೂ ಆ ತಟ್ಟೆಯನ್ನು ನೋಡದಿರುವ ಕೆಲಸ ಮಾಡಿದೆವು. ಮೀನಿನ ಮುಳ್ಳು ತುಟಿಗೆ ಚುಚ್ಚಿ ರಕ್ತ ಬಂತು. ತೋಶಾ ಹೇಳಿದ ಮೇಲೆ ಗೊತ್ತಾಯಿತು.

"ಲುದೆಕ್," ಎಂದಳು ಬೊಗ್ನಾ, "ಆ ಹುಡುಗಿ ಅವರ ಜಾಗದಲ್ಲಿ ಕೂರ್ತಾಳಂತೆ."

"ಸ್ಟೂಲಿನ ಮೇಲೆ ಕೂರ್ತಾಳೆ ಅಷ್ಟೆ. ಅವನ ಆವರ್ತಕ್ಕೆ ಕೈ ಹಾಕಲ್ಲ."

"ಮಾತು ಕೊಡು. ಅದೊಂದೇ ಉಳಿದಿರೋದು ನನಗೆ. ರೇಡಿಯೋದಲ್ಲಿ ಅದು ಬಂದ್ರೆ, ಅಡುಗೆಮನೇಲಿ ಅವರು ಒಂದು ಮಾತಾಡಿದ ಹಾಗೆ."

ಮಾತು ಕೊಟ್ಟೆ. ಅವಳು ಅತ್ತಳು. ತೋಶಾ ಅತ್ತಳು. ನಾನು ತಟ್ಟೆಗಳನ್ನು ತೊಳೆದೆ, ಹೆಚ್ಚಿನದನ್ನೂ ಸೇರಿಸಿ.

1986, ಜನವರಿ 11, ಬೆಳಿಗ್ಗೆ ಎಂಟು

ಟೀ ಸುಟ್ಟಿತು! ತುಟಿ ಸುಟ್ಟಿತು. ಅರ್ಥಾತ್ ತುಟಿ ಇದೆ.

ಹತ್ತೂವರೆ

ಬೀರುವಿನ ಬಾಗಿಲು ತೆರೆದು ಕೋಟುಗಳಿಗೆ ಮುಖ ಮಾಡಿ ಊದಿದೆ. ಪಕ್ಕದ ಮನೆಗೆ ಕೇಳಬಾರದಲ್ಲ. ಮೊದಲು ಹೆಬ್ಬಾತಿನ ಅರಚಾಟ. ಆಮೇಲೆ ನಿಧಾನಕ್ಕೆ ಮನುಷ್ಯ ಸ್ವರ. ಗಂಟೆ ಕಳೆಯುವ ಹೊತ್ತಿಗೆ 'ಎರಡನೇ ಪಾಳಿ' ಪೂರ್ತಿ. ಬೆರಳು ಸರಿ, ಉಸಿರು ಸರಿ, ತುಟಿ ಸರಿ. ಕೇಳಿದ ಕೋಟುಗಳಿಗೂ ನುಡಿಸಿದವನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಸ್ವರ ಇದೆ, ಜ್ವರ ಇಲ್ಲ.

ತೋಶಾ ಬಾಗಿಲಲ್ಲಿ. "ಬಂತಾ?"

"ತುಟಿ ಬಂತು."

"ಉಳಿದೋನು?"

"ಮುಂದಿನ ಟ್ರಾಮಿಗೆ."

ಜನವರಿ 18

ಅಭ್ಯಾಸ. ಕ್ಲಿಮಾಸ್ ಕುಣಿಯುವುದೊಂದು ಬಾಕಿ. ಪಿಂಚಣಿ ಕಾಗದವನ್ನು ಫೈಲಿನ ತಳಕ್ಕೆ ಸರಿಸಿದ. ಫೆಬ್ರವರಿಯಲ್ಲಿ ರೆಕಾರ್ಡಿಂಗ್ ಕೂಡ ಗೊತ್ತು ಮಾಡಿದ್ದಾನಂತೆ, ಹೊಸ 'ಎರಡನೇ ಪಾಳಿ', ಇದೇ ತಂಡ. ಕಿಂಗಾಳ ಮೊದಲ ರೆಕಾರ್ಡು ಅದು. ಅವಳು ನಾಲ್ಕು ಆವರ್ತ ಪೂರ್ತಿ, ಸಹಿ ಹಾಕಿಸಿಕೊಳ್ಳಲು ಕಾದ ಗುಮಾಸ್ತೆಯ ಹಾಗೆ, ಮೂರು ಸ್ವರ ಹಿಡಿದು ಕೂತಿದ್ದಳು.

ಜನವರಿ 25. ಮಧ್ಯಾಹ್ನ ಎರಡು

ತೋಶಾ ಅಂಗಿ ಇಸ್ತ್ರಿ ಮಾಡಿದಳು. ಕೋಟಿನ ಸುಟ್ಟ ಜಾಗಕ್ಕೆ ತೇಪೆ. "ಮೇಲೆ ಪದಕ ಬರುತ್ತಲ್ಲ, ಮುಚ್ಕೊಳತ್ತೆ ಬಿಡು." ರೀಡ್ ನೆನೆಸಿಟ್ಟೆ. ಹೋಗಿ ಬರುತ್ತೇನೆ.

ಜನವರಿ 26, ಭಾನುವಾರ

ಎಲ್ಲಿಂದ ಶುರುಮಾಡಲಿ. ಭಾಷಣ ಐದು. ನನ್ನ ಹೆಸರನ್ನು ನನಗಿಂತ ಚೆನ್ನಾಗಿ ಹೇಳಿದರು. ಪದಕ ಕ್ಲಿಮಾಸ್‌ನ ಕೈಯಿಂದ ಜಾರಿ ನನ್ನ ಬೂಟಿನ ಮೇಲೆ ಬಿತ್ತು. ಪದಕ ಪಾದಕ್ಕೆ. ಸಭೆ ತುಂಬಿತ್ತು, ನಾನೂರು ಜನ. ಎರಡನೇ ಸಾಲಿನಲ್ಲಿ ತೋಶಾ, ಪಕ್ಕದಲ್ಲಿ ಕಪ್ಪುಡುಗೆಯ ಬೊಗ್ನಾ.

'ಎರಡನೇ ಪಾಳಿ' ಶುರು. ಎರಡು ಸುತ್ತು ಸಲೀಸು. ಮೂರನೇ ಸುತ್ತಿನಲ್ಲಿ ನಾನು ಪ್ರಶ್ನೆ ಕೇಳಿದೆ. ಕಿಂಗಾ ನನ್ನ ಮಾತು ಮೀರಿ ಏನೋ ನುಡಿಸಿದಳು, ನಾಲ್ಕು ಆವರ್ತ. ನಾನು ಮುಂದುವರಿಸಬೇಕಿತ್ತು. ಮುಂದುವರಿಸಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ನಿಂತುಬಿಟ್ಟೆ. ಅವಳೂ ಕೈ ತೆಗೆದಳು. ಪೂರ್ತಿ ನಿಶ್ಶಬ್ದ.

ಎರಡನೇ ಸಾಲಿನಲ್ಲಿ ತೋಶಾ ಎದ್ದು ನಿಂತಳು. ಬೊಗ್ನಾ ಎದ್ದಳು. ಆ ಸಾಲು ಎದ್ದಿತು, ಹಿಂದಿನ ಸಾಲು ಎದ್ದಿತು, ಗ್ಯಾಲರಿ ಎದ್ದಿತು. ಕ್ಲಿಮಾಸ್ ಎದೆಯ ಮೇಲೆ ಕೈಯಿಟ್ಟ. ಈ ದೇಶದಲ್ಲಿ ಮೌನವಾಗಿ ಒಬ್ಬರು ಎದ್ದರೆ ಯಾರು ಸತ್ತರೆಂದು ಕೇಳುವುದಿಲ್ಲ, ಎಲ್ಲರೂ ಏಳುತ್ತಾರೆ. ನಮಗೆ ಅಭ್ಯಾಸವಿದೆ. ನಾನೂರು ಜನ ಸೆವೆರಿನ್‌ಗಾಗಿ ಪೂರ್ತಿ ಒಂದು ನಿಮಿಷ ನಿಂತರು. ಆಮೇಲೆ ನಾನು ಕೊನೆಯ ಸಾಲು ನುಡಿಸಿ ಮುಗಿಸಿದೆ. ಚಪ್ಪಾಳೆ ಕೂಡ ಇಲ್ಲ. ಜನ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದರು.

ಇದು ಉದ್ದೇಶಪೂರ್ವಕ. ಇಲ್ಲಿ ಬರೆದಿಡುತ್ತೇನೆ. ಮನಸ್ಸಿನಲ್ಲಿ ಮೊದಲೇ ಗೊತ್ತು ಮಾಡಿಕೊಂಡಿದ್ದೆ: ಅವನ ಜಾಗಕ್ಕೆ ಯಾರಾದರೂ ಕೈ ಹಾಕಿದರೆ ನಿಲ್ಲಿಸುತ್ತೇನೆ ಎಂದು. ನಲವತ್ತು ವರ್ಷದಲ್ಲಿ ನನ್ನ ಅತ್ಯುತ್ತಮ ಸೋಲೋ, ಒಂದೂ ಸ್ವರವಿಲ್ಲದ್ದು. ಮೌನದಲ್ಲಿ ಮಾನ. ಇಂಥ ನಿಷ್ಠೆ ಈ ಊರಿನಲ್ಲಿ ಇನ್ನೊಬ್ಬ ಸಂಗೀತಗಾರನಿಗೆ ಇದ್ದರೆ ತೋರಿಸಲಿ.

ಜನವರಿ 27

ಪತ್ರಿಕೆಯಲ್ಲಿ ಬಂದಿದೆ: 'ಅಗಲಿದ ಗೆಳೆಯನಿಗಾಗಿ ಮೇಷ್ಟ್ರ ಭುಜಗಳು ಬಿಕ್ಕಿದವು.' ತೋಶಾಗೆ ಓದಿ ಹೇಳಿದೆ. ಮೊದಲು ಎದ್ದವಳು ನೀನೇ, ನಿನ್ನ ಹೃದಯ ದೊಡ್ಡದು ಎಂದೆ.

"ಹೃದಯ ಅಲ್ಲ ಕಣೋ. ಕಾಲು ಜೋಮು ಹಿಡಿದಿತ್ತು. ಐದು ಭಾಷಣ! ಝಾಡಿಸೋಣ ಅಂತ ಎದ್ದೆ. ಹಿಂದಕ್ಕೆ ತಿರುಗಿ ನೋಡಿದ್ರೆ ಇಡೀ ಸಭೆ ನಿಂತಿದೆ. ಆಮೇಲೆ ಕೂರೋಕೆ ನಂಗೇನು ಧೈರ್ಯ?"

"ಯಾರಿಗೂ ಹೇಳಬೇಡ."

"ನಾನ್ಯಾಕೆ ಹೇಳ್ಲಿ." ಸೂಪು ಬಡಿಸಿದಳು. "ಲುದೆಕ್, ಮೂವತ್ತು ವರ್ಷ ಮಗ್ಗದ ಗದ್ದಲದಲ್ಲಿ ತುಟಿ ನೋಡಿ ಮಾತು ತಿಳ್ಕೊಂಡೋಳು ನಾನು. ಮೊನ್ನೆ ನಿನ್ನ ತುಟಿ..."

"ಏನು ನನ್ನ ತುಟಿ?"

"ಏನಿಲ್ಲ. ಸೂಪು ಆರುತ್ತೆ."

ಜನವರಿ 29. ಬೆಳಿಗ್ಗೆ

ಬೊಗ್ನಾ ಗಸಗಸೆ ಕೇಕು ತಂದಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಆ ಹುಡುಗಿ ಅವರ ಮಾತಿನ ಮಧ್ಯೆ ಬಾಯಿ ಹಾಕಿದ್ಲು. ನೀನು ನಿಲ್ಲಿಸಿ ಬಾಯಿ ಮುಚ್ಚಿಸಿದೆ. ಕೊಟ್ಟ ಮಾತು ಉಳಿಸ್ಕೊಂಡೆ, ಲುದೆಕ್."

"ಹೂಂ," ಎಂದೆ.

ರೆಕಾರ್ಡಿಂಗಿಗೆ ಕಿಂಗಾ ಬೇಡವೆಂದು ಬೊಗ್ನಾ ಕ್ಲಿಮಾಸ್‌ಗೆ ಹೇಳಿಬಿಟ್ಟಿದ್ದಾಳೆ. ಕ್ಲಿಮಾಸ್ ನನ್ನ ಒಂದು ಮಾತಿಗೆ ಕಾಯುತ್ತಿದ್ದಾನೆ. ಶುಕ್ರವಾರದೊಳಗೆ ಹೇಳಬೇಕು. 'ಬೇಡ' ಎಂದರೆ ಅವಳ ಮೊದಲ ರೆಕಾರ್ಡು ಹೋಯಿತು. ಮೇಷ್ಟ್ರು ವೇದಿಕೆ ಮೇಲೇ ನಿಲ್ಲಿಸಿದ ಹುಡುಗಿಯೆಂದು ಊರಿಡೀ ಹೆಸರು. ಬೇರೆ ಯಾರೂ ಕರೆಯುವುದಿಲ್ಲ.

ಮಧ್ಯಾಹ್ನ ಮೂರು

ಕಿಂಗಾ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ. ಅದೇ ಹಳದಿ ಸ್ವೆಟರ್. ಕಣ್ಣು ಊದಿತ್ತು.

"ತಪ್ಪಾಯ್ತು ಮೇಷ್ಟ್ರೇ. ಬೇಕಂತ ಮಾಡಿದ್ದಲ್ಲ. ನೀವು ಅವತ್ತು ಹಾಗೆ ಕೇಳಿದ್ರಿ... ಕೈ ತಾನಾಗೇ ಹೇಳಿಬಿಡ್ತು."

"ಅಭ್ಯಾಸದಲ್ಲೂ ಹಾಗೇ ಕೇಳಿದ್ದೆನಲ್ಲ."

"ಇಲ್ಲ ಮೇಷ್ಟ್ರೇ. ಅಭ್ಯಾಸದಲ್ಲಿ ನೀವು ಏನೂ ಕೇಳ್ತಿರ್ಲಿಲ್ಲ. ಬರೀ ಊದ್ತಿದ್ರಿ."

ನಾನು ನ್ಯಾಯಾಧೀಶನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಕ್ಷಮಿಸಿದ್ದೇನೆ, ಹೋಗು," ಎಂದೆ. ಆ ಮಾತು ನನ್ನ ಬಾಯಿಂದ ಬಂತು. ಕ್ಷಮಿಸಿದ್ದೇನೆ! ಅವಳು ತಲೆಬಾಗಿ ಮೆಟ್ಟಿಲಿಳಿದು ಹೋದಳು. ಮೂರು ಮಹಡಿ, ಅರವತ್ತಾರು ಮೆಟ್ಟಿಲು. ಒಂದೊಂದೂ ಕೇಳಿಸಿತು.

ಜನವರಿ 30, ಗುರುವಾರ. ಬೆಳಿಗ್ಗೆ ಹನ್ನೊಂದು

ಫೋನಿನ ಮುಂದೆ ಕೂತು ಒಂದು ಗಂಟೆಯಾಯಿತು. ಕ್ಲಿಮಾಸ್‌ನ ನಂಬರು ಬರೆದ ಚೀಟಿ ಮುಂದಿದೆ.

26ರಂದು ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಬರೆದೆ. ನೋಡುವವರಿಲ್ಲದಾಗಲೂ ಟೈ ಕಟ್ಟಿಕೊಳ್ಳುವ ಚಟ.

ನಡೆದದ್ದು ಇಷ್ಟು. ನಾನು ಕೇಳಿದೆ. ಅವಳು ಹೇಳಿದಳು. ಸೆವೆರಿನ್ ಇಪ್ಪತ್ನಾಲ್ಕು ವರ್ಷ, 'ಎಲ್ಲಾ ಸರಿ ಇದೆ, ನೀನು ಮನೆಗೆ ಹೋಗು' ಅನ್ನುತ್ತಿದ್ದ. ಅದೇ ಅವನ ಉತ್ತರ. ಅದರ ಮೇಲೆ ನನಗೆ ಪ್ರೀತಿ. ಈ ಹುಡುಗಿ ಅರ್ಧ ಆವರ್ತ ತಡಮಾಡಿದಳು, ಮಗ್ಗದ ದಾರ ತುಂಡಾದಾಗ ತಡವಾಗುತ್ತದಲ್ಲ ಹಾಗೆ. ಆಮೇಲೆ ನನ್ನ ಪ್ರಶ್ನೆಯನ್ನೇ ತೆಗೆದುಕೊಂಡು, ತಲೆಕೆಳಗು ಮಾಡಿ, ಎಡಗೈಯಿಂದ ನನಗೇ ತಿರುಗಿಸಿ ಕೊಟ್ಟಳು. 'ನಿನಗೇನಾಗಿದೆ?' ಅಂತ. ಸೆವೆರಿನ್‌ನದಕ್ಕಿಂತ ಚೆನ್ನಾಗಿತ್ತು. ಬರೆದುಬಿಟ್ಟೆ. ಬಹಳ ಚೆನ್ನಾಗಿತ್ತು. ಇಪ್ಪತ್ನಾಲ್ಕು ವರ್ಷದಿಂದ ಆ ಹಾಡು ಅದಕ್ಕೇ ಕಾದಿತ್ತೋ ಏನೋ, ನನಗೇ ಗೊತ್ತಿರಲಿಲ್ಲ.

ಮುಂದಿನ ಸ್ವರಕ್ಕೆ ಉಸಿರು ತೆಗೆದುಕೊಂಡೆ. ತುಟಿ ಕೂರಲಿಲ್ಲ. ಮರಗಟ್ಟಿದ್ದಕ್ಕಲ್ಲ, ತುಟಿ ಅವತ್ತು ಚೆನ್ನಾಗೇ ಇತ್ತು. ಕಿವಿಯಿಂದ ಕಿವಿಗೆ ಅಗಲವಾಗಿಬಿಟ್ಟಿತ್ತು. ಹಲ್ಲು ಬಿಟ್ಟುಕೊಂಡು ಸ್ಯಾಕ್ಸೊಫೋನ್ ಊದಲು ಆಗುವುದಿಲ್ಲ. ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. ಬಿಗಿ ಹಿಡಿದೆ, ನಿಲ್ಲಲಿಲ್ಲ. ಜನಕ್ಕೆ ಕಾಣಬಾರದೆಂದು ತಲೆ ತಗ್ಗಿಸಿದೆ. ಭುಜ ಕುಲುಕಿದ್ದು ಅದಕ್ಕೇ. ಅಷ್ಟರಲ್ಲಿ ಇಡೀ ಸಭೆ ಎದ್ದು ನಿಂತಿತು. ಎದುರಿಗೆ ಬೊಗ್ನಾ ಕರವಸ್ತ್ರ ಹಿಡಿದು ನಿಂತಿದ್ದಾಳೆ. ನಾನೂರು ಜನ ನನ್ನ ದುಃಖಕ್ಕೆ ತಲೆಬಾಗಿದ್ದಾರೆ, ಒಂದು ನಿಮಿಷ, ಅರವತ್ತು ಸೆಕೆಂಡು. ಆ ಅರವತ್ತು ಸೆಕೆಂಡೂ ನಾನು, ಸೆವೆರಿನ್ ಸತ್ತ ಒಂಬತ್ತು ತಿಂಗಳಲ್ಲಿ ಮೊದಲ ಸಲ —

ಕ್ಲಿಮಾಸ್‌ಗೆ ಈಗಲೇ ಫೋನ್ ಮಾಡುತ್ತೇನೆ. ಕಿಂಗಾಳೇ ಇರಲಿ, ಅದೇ ಉತ್ತರ ಇರಲಿ. ಅದಾದ ಮೇಲೆ ಬೊಗ್ನಾ. ಹೇಳುವುದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಫೋನಿನಲ್ಲಿ ತಡವರಿಸಬಾರದು.

ಬೊಗ್ನಾ, ನಾನು ಅವತ್ತು ಅಳುತ್ತಿರಲಿಲ್ಲ. ಅವನ ಜಾಗದಲ್ಲಿ ಆ ಹುಡುಗಿ ನುಡಿಸಿದಾಗ ನನಗೆ ತಡೆಯಲಾರದಷ್ಟು —